ಸ್ವಇಚ್ಛೆಯಿಂದ ನಿರಾಕರಿಸಿದವಳ ಪರವಾಗಿ

ಸಾರ್ವಜನಿಕ ಗಣಕ ಸೇವೆಗಳ ನಿರ್ದೇಶಕರ ಗಮನಕ್ಕೆ, ಅವರಿಗೆ ಗಮನ ಕೊಡುವ ಅಭ್ಯಾಸವಿದ್ದರೆ.

ಮಾನ್ಯರೇ,

ನನ್ನ ತಂಗಿಯ ಮಗಳು ತನಗೆ ಸಿಕ್ಕಿದ್ದ ಸೀಟನ್ನು 'ಸ್ವಇಚ್ಛೆಯಿಂದ ನಿರಾಕರಿಸಿದ್ದಾಳೆ' ಎಂದು ನಿಮ್ಮ ಇಲಾಖೆ ದಾಖಲೆ ಮಾಡಿದೆ. ಇದು ಸುಳ್ಳು. ಬೇರೆ ಮಾತೆಲ್ಲ ಆಮೇಲೆ ಆಡೋಣ, ಮೊದಲು ಇದಿಷ್ಟು ನಿಮ್ಮ ಮೇಜಿನ ಮೇಲೆ ಇರಲಿ. ಅವಳು ಯಾವುದನ್ನೂ ನಿರಾಕರಿಸಲಿಲ್ಲ. ಆ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಮ್ಮ ಜಾಲತಾಣದ ಬಾಗಿಲು ಬಡಿಯುತ್ತ ಕೂತಿದ್ದಳು. ನೀವು ತೆಗೆಯಲಿಲ್ಲ. ತೆಗೆಯದ್ದು ಸಾಲದೆಂಬಂತೆ, ಒಳಗೆ ಬರಲಿಲ್ಲ ಎಂಬ ತಪ್ಪನ್ನು ಅವಳ ತಲೆಗೇ ಕಟ್ಟಿದಿರಿ. ಅದೂ ಸಾಲದೆಂಬಂತೆ, ಆ ದಿನದ ನಿಮ್ಮ ಸೇವೆ ವರ್ಷದಲ್ಲೇ ಅತ್ಯುತ್ತಮವಾಗಿತ್ತೆಂದು ನಿಮ್ಮ ಬೆನ್ನನ್ನು ನೀವೇ ತಟ್ಟಿಕೊಂಡಿರಿ. ಮೊದಲೆರಡನ್ನು ಹೇಗೋ ಹಲ್ಲು ಕಚ್ಚಿಕೊಂಡು ನುಂಗಿದ್ದೆ. ಮೂರನೆಯದನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಇದನ್ನು ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುವ ಬದಲು ನನಗೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರೆದೆ, ಸ್ವಾಮಿ. ನಿಮ್ಮದೇ ದೂರು ವಿಭಾಗಕ್ಕೆ ಬರೆದೆ. 'ನಿಮ್ಮ ದೂರನ್ನು ತೃಪ್ತಿಕರವಾಗಿ ಮುಕ್ತಾಯಗೊಳಿಸಲಾಗಿದೆ' ಎಂಬ ಸಂದೇಶ ಬಂತು. ಯಾರ ತೃಪ್ತಿ ಎಂದು ಮಾತ್ರ ಹೇಳಿರಲಿಲ್ಲ. ನನ್ನದಂತೂ ಅಲ್ಲ.

ನಾನು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ 'ಸಾಮಾನ್ಯ ಜನರಿಗೆ ಈ ತಾಂತ್ರಿಕ ವಿಷಯಗಳು ಅರ್ಥವಾಗುವುದಿಲ್ಲ' ಎಂದು ನೀವು ಕೈ ತೊಳೆದುಕೊಳ್ಳುತ್ತೀರಿ. ನನ್ನ ದುರದೃಷ್ಟಕ್ಕೆ ನನಗೆ ಈ ವಿಷಯ ಅರ್ಥವಾಗುತ್ತದೆ. ಕ್ಲೌಡ್ ವ್ಯವಸ್ಥೆಗಳ ಸ್ಥಿತಿಸ್ಥಾಪಕತ್ವ ಮತ್ತು ಸೇವೆಯ ಗುಣಮಟ್ಟ ಎಂಬುದು ನನ್ನ ಸಂಶೋಧನೆಯ ವಿಷಯ. ಈ ಹೆಸರನ್ನು ಮೊದಲ ಸಲ ಹೇಳಿದಾಗ ನನ್ನ ತಂಗಿ, ವೃತ್ತಿಯಲ್ಲಿ ಟೈಲರ್, ಬಾಯಲ್ಲಿದ್ದ ದಾರ ಉದುರಿಹೋಗುವಷ್ಟು ನಕ್ಕಳು. ಆಗ ಅವಳ ಕೈಯಲ್ಲಿದ್ದ ಮಗುವಿನ ಚಡ್ಡಿಯ ಸೊಂಟಪಟ್ಟಿ ತೋರಿಸಿ, ನನ್ನ ಕೆಲಸ ಇದೇ ಮಾರಾಯ್ತಿ ಎಂದೆ. ಹೊಟ್ಟೆ ಉಬ್ಬಿದರೆ ಹಿಗ್ಗಬೇಕು, ಇಳಿದರೆ ಕುಗ್ಗಬೇಕು, ಎರಡನ್ನೂ ಯಾರೂ ಹೇಳದೆ ತಾನಾಗಿ ಮಾಡಬೇಕು, ಮತ್ತು ಮಗು ಅಳಬಾರದು. ಅಂದಿನಿಂದ ಮನೆಯಲ್ಲಿ ನನ್ನ ಹೆಸರು ಎಲಾಸ್ಟಿಕ್ ದೊಡ್ಡಮ್ಮ.

ನಿಮ್ಮಂಥ ಇಲಾಖೆಗಳು ಈಗ ಸ್ವಂತ ಕಂಪ್ಯೂಟರ್ ಇಟ್ಟುಕೊಳ್ಳುವುದಿಲ್ಲ. ಎಲ್ಲೋ ದೊಡ್ಡ ಕಟ್ಟಡಗಳಲ್ಲಿರುವ ಸಾವಿರಾರು ಯಂತ್ರಗಳಲ್ಲಿ ಬೇಕಾದಷ್ಟನ್ನು ಬೇಕಾದಾಗ ಬಾಡಿಗೆಗೆ ತೆಗೆದುಕೊಳ್ಳುತ್ತವೆ. ಜನ ಹೆಚ್ಚಿದರೆ ಇನ್ನಷ್ಟು ಯಂತ್ರಗಳು ಎಚ್ಚರಗೊಳ್ಳುತ್ತವೆ, ಜನ ಕಡಿಮೆಯಾದರೆ ಮಲಗುತ್ತವೆ. ಹೀಗೆ ಹಿಗ್ಗಿ ಕುಗ್ಗುವಾಗ, ಆಚೆ ಬದಿಯಲ್ಲಿ ಫೋನು ಹಿಡಿದು ಕೂತ ಮನುಷ್ಯನಿಗೆ ತೊಂದರೆಯಾಗುತ್ತಿದೆಯೇ ಎಂದು ಅಳೆಯುವುದು ನನ್ನ ಹೊಟ್ಟೆಪಾಡು. ಅಳೆಯಲು ನೂರು ದಾರಿಗಳಿವೆ. ಅದರಲ್ಲಿ ಅತ್ಯಂತ ನಾಚಿಕೆಗೇಡಿನ ದಾರಿ ಯಾವುದೆಂದು ಹುಡುಕಲು ನಾನು ಯಾವ ಗ್ರಂಥಾಲಯಕ್ಕೂ ಹೋಗಬೇಕಾಗಲಿಲ್ಲ, ನಿಮ್ಮ ಕಚೇರಿಯ ಮೂರನೆಯ ಮಹಡಿಗೆ ಬಂದರೆ ಸಾಕಾಯಿತು. ಅಲ್ಲಿಗೆ ಬರುತ್ತೇನೆ.

ಮೊದಲು ಹುಡುಗಿಯ ವಿಷಯ. ಮನೆಯಲ್ಲಿ ಅವಳನ್ನು ಸೂಜಿ ಎನ್ನುತ್ತೇವೆ. ತೆಳ್ಳಗಿದ್ದಾಳೆ ಎಂಬುದು ಅರ್ಧ ಕಾರಣ, ಮಾತು ಚುಚ್ಚುತ್ತದೆ ಎಂಬುದು ಇನ್ನರ್ಧ. ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಮೂಲೆ ಒಡೆದ ಒಂದು ಕನ್ನಡಿ, ಇಷ್ಟೇ ನನ್ನ ತಂಗಿಯ ಅಂಗಡಿ. ಸೂಜಿ ಬೆಳೆದದ್ದು ಆ ಇಸ್ತ್ರಿ ಮೇಜಿನ ಕೆಳಗಿನ ಚಿಂದಿ ರಾಶಿಯಲ್ಲಿ. ಎದುರಿನ ಕಟ್ಟಡದಲ್ಲಿ ಲಿಫ್ಟ್ ನಡೆಸುವವರೊಬ್ಬರು ಆ ಅಂಗಡಿಯ ಹಳೆಯ ಗಿರಾಕಿ. ಅವರ ಒಂದು ಕಾಲು ಮೊಣಕಾಲಿನಿಂದ ಕೆಳಗೆ ಕೃತಕ. ಪ್ಯಾಂಟು ಆ ಮೊಣಕಾಲಿನ ಬಳಿಯೇ ಮತ್ತೆ ಮತ್ತೆ ಹರಿಯುತ್ತಿತ್ತು. ತಂಗಿ ತೇಪೆ ಹಾಕುವುದು, ಅವರು ತಿರುಗಿ ಬರುವುದು, ಹೀಗೇ ವರ್ಷಗಟ್ಟಲೆ ನಡೆದಿತ್ತು. ಒಂದು ದಿನ ಸೂಜಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಪ್ಯಾಂಟು ಬದಿಗಿಟ್ಟು, ಕಾಲನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಮ್ಮ, ಇದು ಬಟ್ಟೆ ತಪ್ಪಲ್ಲ. ಕಾಲೇ ಸರಿಯಾಗಿ ಕೂತಿಲ್ಲ. ಇವರು ಇಷ್ಟು ವರ್ಷ ನೋವು ತಡ್ಕೊಂಡು ನಿಂತಿದಾರೆ" ಎಂದಳು.

ಆ ಮನುಷ್ಯ ತಲೆ ತಗ್ಗಿಸಿ, ಹೌದಮ್ಮ, ಆದರೆ ಯಾರೂ ಕೇಳಿರಲಿಲ್ಲ ಎಂದರಂತೆ. ಸೂಜಿ ಹತ್ತಿ ತುಂಬಿದ ಒಂದು ದಪ್ಪ ಕಾಲುಚೀಲ ಹೊಲಿದು ಕೊಟ್ಟಳು. ಅದು ಅರೆಬರೆ ಪರಿಹಾರ, ಅವಳಿಗೂ ಗೊತ್ತಿತ್ತು. ಅಂದಿನಿಂದ ಅವಳಿಗೆ ಅದೇ ಹುಚ್ಚು. ಕೃತಕ ಕೈಕಾಲು ತಯಾರಿಸುವುದನ್ನು ಕಲಿಸುವ ತರಬೇತಿ ಸಂಸ್ಥೆ ನಮ್ಮ ಕೈಗೆಟುಕುವಷ್ಟು ದೂರದಲ್ಲಿ ಒಂದೇ ಒಂದಿದೆ, ಅದರಲ್ಲಿ ಹನ್ನೆರಡೇ ಸೀಟು. ಅಂಗಡಿಯ ಗಿರಾಕಿಗಳ ಗಲಾಟೆಯ ನಡುವೆ ಓದಿ ಪರೀಕ್ಷೆ ಬರೆದಳು. ಮೊದಲ ಪಟ್ಟಿಯಲ್ಲೇ ಹೆಸರು ಬಂತು. ಆ ದಿನ ನನ್ನ ತಂಗಿ ಮೂರು ಅಂಗಿಗಳಿಗೆ ತೋಳನ್ನು ತಿರುವುಮುರುವಾಗಿ ಹೊಲಿದು, ಬಿಚ್ಚುತ್ತ ಬಿಚ್ಚುತ್ತ ನಗುತ್ತಿದ್ದಳು. ಲಿಫ್ಟಿನವರು ಬಂದು, ಕೋರ್ಸ್ ಮುಗಿಸಿ ಬಾ, ಅಲ್ಲಿವರೆಗೆ ಈ ಕಾಲಲ್ಲೇ ಹೇಗೋ ತಳ್ಳುತ್ತೇನೆ ಎಂದು ಹೇಳಿ ಹೋದರು.

ಇನ್ನು ಉಳಿದಿದ್ದದ್ದು ಒಂದು ಕೆಲಸ. ಎಲ್ಲ ತರಬೇತಿ ಸಂಸ್ಥೆಗಳ ಎಲ್ಲ ಕೋರ್ಸುಗಳ ಎಲ್ಲ ಅಭ್ಯರ್ಥಿಗಳೂ ನಿಮ್ಮ ಜಾಲತಾಣಕ್ಕೆ ಒಂದೇ ದಿನ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ ಬಂದು 'ಒಪ್ಪಿದ್ದೇನೆ' ಎಂಬಲ್ಲಿ ಒತ್ತಬೇಕು. ಯಾಕೆ ಒಂದೇ ದಿನ, ಯಾಕೆ ನಾಲ್ಕೇ ಗಂಟೆ ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ. ಆದರೆ ಒಂದು ಮಾತು ಕೇಳಲೇಬೇಕು. ಈ ಹಿಗ್ಗುವ ವಿದ್ಯೆ ಹುಟ್ಟಿದ್ದು ಎಷ್ಟು ಜನ ಬರುತ್ತಾರೆ ಎಂದು ಗೊತ್ತಿಲ್ಲದವರಿಗಾಗಿ. ನಿಮಗೆ ಗೊತ್ತಿತ್ತು. ಬನ್ನಿ ಎಂದು ಕರೆದವರೇ ನೀವು, ಪ್ರತಿಯೊಬ್ಬರ ಫೋನಿಗೂ ಸಂದೇಶ ಕಳಿಸಿದವರೇ ನೀವು. ಊಟಕ್ಕೆ ಕರೆದವರ ಪಟ್ಟಿ ಕೈಯಲ್ಲಿ ಹಿಡಿದುಕೊಂಡು, ಇಷ್ಟು ಜನ ಬರುತ್ತಾರೆಂದು ಅನಿಸಿರಲಿಲ್ಲ ಎನ್ನುವ ಯಜಮಾನನಿಗೆ ಏನೆನ್ನಬೇಕು, ನೀವೇ ಹೇಳಿ.

ಹತ್ತು ಗಂಟೆಗೆ ಸೂಜಿ ಅಂಗಡಿಯಲ್ಲಿ ತನ್ನ ಫೋನು ಹಿಡಿದು ಕೂತಳು. ಪುಟ ತೆರೆಯಿತು. ಅದರಲ್ಲಿ ನಗುಮುಖದ ಒಂದು ಪುಟ್ಟ ಮೋಡದ ಚಿತ್ರ. ಕೆಳಗೆ, 'ಕ್ಷಮಿಸಿ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ. ನಿಮ್ಮ ಆಸಕ್ತಿಗೆ ಧನ್ಯವಾದಗಳು.' ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿದಳು. ಮೋಡ ನಕ್ಕಿತು. ತಂಗಿಯ ಫೋನಿನಲ್ಲಿ ಪ್ರಯತ್ನಿಸಿದಳು, ಅಲ್ಲೂ ನಕ್ಕಿತು. ನನಗೆ ಫೋನು ಮಾಡಿದಳು. ನಾನು ನನ್ನ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಕೂತು ಅವಳ ಪರವಾಗಿ ಒತ್ತತೊಡಗಿದೆ. ನನ್ನ ವಿದ್ಯಾರ್ಥಿಗಳು ಉಳಿದ ಕಂಪ್ಯೂಟರುಗಳ ಮುಂದೆ ಕೂತರು. ಕೋಣೆಯ ತುಂಬ ನಗುವ ಮೋಡಗಳು. ಮಧ್ಯೆ ಒಂದೇ ಒಂದು ಸಲ ಸೂಜಿಯ ಫೋನಿನಲ್ಲಿ ನಿಜವಾದ ಪುಟ ಬಂತು, ಅವಳ ಹೆಸರು ಕಾಣಿಸಿತು, ಕೋರ್ಸಿನ ಹೆಸರು ಕಾಣಿಸಿತು. ಒತ್ತುವಷ್ಟರಲ್ಲಿ ಮತ್ತೆ ಮೋಡ. ಗಿರಾಕಿಯೊಬ್ಬರು ಅಳತೆ ಕೊಡಲು ಬಂದು, ಈ ತಾಯಿ ಮಗಳ ಮುಖ ನೋಡಿ, ಅಳತೆ ಕೊಡದೆ ಹೊರಟುಹೋದರಂತೆ. ಎರಡು ಗಂಟೆಯಾಯಿತು. ಆಮೇಲೆ ಯಾವ ತಡವೂ ಇಲ್ಲದೆ ನಿಮ್ಮ ಸಂದೇಶ ಬಂದು ಬಿತ್ತು: 'ನೀವು ಈ ಸೀಟನ್ನು ಸ್ವಇಚ್ಛೆಯಿಂದ ನಿರಾಕರಿಸಿದ್ದೀರಿ. ಇತರರಿಗೆ ಅವಕಾಶ ಮಾಡಿಕೊಟ್ಟಿದ್ದಕ್ಕೆ ಧನ್ಯವಾದಗಳು.'

ನಾನು ಅಂಗಡಿಗೆ ಹೋದಾಗ ಸೂಜಿ ಇಸ್ತ್ರಿ ಮೇಜಿಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ತಂಗಿ ಮಾತ್ರ ನನ್ನನ್ನೇ ದಿಟ್ಟಿಸಿ ನೋಡಿ, "ಅಕ್ಕ, ನೀನು ಇಷ್ಟು ವರ್ಷ ಓದಿದ್ದು ಇದನ್ನೇ ಅಲ್ವಾ?" ಎಂದಳು. ಅವಳು ಚುಚ್ಚಲು ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ನಾಳೆ ಬೆಳಿಗ್ಗೆ ಅವರ ಕಚೇರಿಗೇ ಹೋಗೋಣ ಎಂದು ಸೂಜಿಗೆ ಹೇಳಿದೆ.

ಮಾರನೆಯ ದಿನ ನಾವಿಬ್ಬರೂ, ಅಂದರೆ ಸೂಜಿ ಮತ್ತು ನಾನು, ನಿಮ್ಮ ಕಚೇರಿಗೆ ಬಂದೆವು. ಚೆನ್ನಾಗಿದೆ ನಿಮ್ಮ ಕಚೇರಿ. ಒಳಗೆ ಕಾಲಿಟ್ಟ ಕೂಡಲೇ ಗೋಡೆಯಷ್ಟು ದೊಡ್ಡ ಪರದೆ, ಅದರ ಮೇಲೆ ಹಸಿರು ಅಕ್ಷರಗಳಲ್ಲಿ 'ಸೇವೆಯ ಗುಣಮಟ್ಟ: ಅತ್ಯುತ್ತಮ'. ಅದರ ಕೆಳಗೆ ಕುರ್ಚಿ ಸಾಲದೆ ನೆಲದ ಮೇಲೆ ಕೂತ ಜನ, ಎಲ್ಲರ ಕೈಯಲ್ಲೂ ಫೋನು, ಎಲ್ಲರ ಮುಖವೂ ನನ್ನ ತಂಗಿಯ ಮುಖದ ಹಾಗೆ. ಪರದೆಗೆ ಅವರು ಕಾಣುತ್ತಿರಲಿಲ್ಲ. ನಿಮ್ಮನ್ನು ನೋಡಲು ಆಗುವುದಿಲ್ಲವೆಂದು ತಿಳಿಯಿತು, ಬಹುಮಾನವೊಂದನ್ನು ತೆಗೆದುಕೊಳ್ಳಲು ಹೋಗಿದ್ದಿರಂತೆ. ಮೂರನೆಯ ಮಹಡಿಯಲ್ಲಿ ನಿಮ್ಮ ಉಪನಿರ್ದೇಶಕರು ಸಿಕ್ಕರು.

ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಕುಡಿಯಲು ನೀರು ಕೊಟ್ಟರು, ಕೂರಿಸಿದರು, ನನ್ನ ಕೆಲಸ ಏನೆಂದು ತಿಳಿದ ಮೇಲಂತೂ ಅವರ ಮುಖ ಅರಳಿತು. ತಮ್ಮ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, ನೆನ್ನೆ ನಮ್ಮ ಅತ್ಯುತ್ತಮ ದಿನ ಮೇಡಂ, ನೀವು ಮೆಚ್ಚಲೇಬೇಕು ಎಂದರು. ಒಂದು ಗೆರೆ ತೋರಿಸಿದರು. ಜನ ಕೇಳಿದ ಪುಟ ಎಷ್ಟು ಬೇಗ ಅವರ ಕೈ ಸೇರಿತು ಎಂಬುದರ ಗೆರೆ ಅದು. ನಿಜ, ವರ್ಷದಲ್ಲಿ ಯಾವತ್ತೂ ಅಷ್ಟು ಬೇಗ ಸೇರಿರಲಿಲ್ಲ. ಎರಡು ಸೆಕೆಂಡಿನ ಒಳಗೆ ಪುಟ ಸಿಕ್ಕರೆ ಅದು ಯಶಸ್ವಿ ಸೇವೆ ಎಂಬುದು ನಿಮ್ಮ ನಿಯಮವಂತೆ, ನೀವೇ ಸಹಿ ಹಾಕಿದ್ದಂತೆ. ಆ ನಗುವ ಮೋಡದ ಪುಟ ಇದೆಯಲ್ಲ, ಅದನ್ನೂ ಇದರಲ್ಲಿ ಲೆಕ್ಕ ಹಿಡಿದಿದ್ದೀರಾ ಎಂದು ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಅದೂ ಪುಟವೇ ಅಲ್ವಾ ಮೇಡಂ?" ಎಂದರು.

ಮಾನ್ಯರೇ, ಈ ಮಾತನ್ನು ದಯವಿಟ್ಟು ಮತ್ತೊಮ್ಮೆ ಓದಿ. ಅದೂ ಪುಟವೇ. ಮೋಡದ ಪುಟವನ್ನು ಬೇರೆ ಒಂದು ಪುಟ್ಟ ಯಂತ್ರ ಕೊಡುತ್ತದೆ. ಅದು ಯಾರ ಹೆಸರನ್ನೂ ಹುಡುಕಬೇಕಿಲ್ಲ, ಯಾರ ಸೀಟನ್ನೂ ನೋಡಬೇಕಿಲ್ಲ, ಕ್ಷಮಿಸಿ ಎಂದರೆ ಸಾಕು. ಆದ್ದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಎಷ್ಟು ಹೆಚ್ಚು ಜನರನ್ನು ನೀವು ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತೀರೋ ಅಷ್ಟು ಹೆಚ್ಚು ಯಶಸ್ವಿ ಸೇವೆ ನಿಮ್ಮ ಖಾತೆಗೆ ಸೇರುತ್ತದೆ. ಸೂಜಿ ಆ ದಿನ ನೂರಾರು ಸಲ ಒತ್ತಿದಳು, ಅಂದರೆ ನಿಮ್ಮಿಂದ ನೂರಾರು ಸಲ ಅತ್ಯುತ್ತಮ ಸೇವೆ ಪಡೆದಳು. ಅವಳಷ್ಟು ಸಂತೃಪ್ತ ಪ್ರಜೆ ನಿಮ್ಮ ದಾಖಲೆಗಳಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಇಡೀ ದಿನ ಯಾರೊಬ್ಬರನ್ನೂ ಒಳಗೆ ಬಿಡದಿದ್ದರೆ ನಿಮಗೆ ನೂರಕ್ಕೆ ನೂರು ಬರುತ್ತಿತ್ತು ಎಂಬುದು ನಿಮಗೆ ಹೊಳೆದಿದೆಯೇ? ಹೊಳೆಯದಿದ್ದರೆ ನಾನು ಹೇಳಿಕೊಟ್ಟ ಹಾಗಾಯಿತು.

ಉಪನಿರ್ದೇಶಕರು ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ವಿಷಯವೇ ಅಲ್ಲವೇ, ಇದನ್ನೂ ನೋಡಿ ಎಂದು ಇನ್ನೊಂದು ಗೆರೆ ತೋರಿಸಿದರು. ಎಷ್ಟು ಯಂತ್ರಗಳು ಯಾವಾಗ ಕೆಲಸ ಮಾಡುತ್ತಿದ್ದವು ಎಂಬುದರ ಗೆರೆ. ಬೆಳಿಗ್ಗೆ ಏರಿತ್ತು, ಸ್ವಲ್ಪ ಹೊತ್ತಿಗೆ ಇಳಿಯತೊಡಗಿತ್ತು, ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಯಂತ್ರಗಳು ಮಲಗಿದ್ದವು. ಬೇಡಿಕೆ ಇಳಿದ ಕೂಡಲೇ ತಾನಾಗಿ ಕುಗ್ಗಿದೆ, ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ನೋಡಿ ಎಂದು ಅವರು ಹೇಳುತ್ತಿದ್ದಾಗ, ನನ್ನ ಪಕ್ಕದಲ್ಲಿ ಕೂತಿದ್ದ ಸೂಜಿ ಬಾಯಿ ತೆರೆದಳು.

"ಸರ್, ಆ ಹೊತ್ತಲ್ಲಿ ನಾನು ಹೊರಗೇ ಇದ್ದೆ" ಎಂದಳು.

ಉಪನಿರ್ದೇಶಕರು ಪರದೆ ನೋಡಿದರು, ಅವಳನ್ನು ನೋಡಿದರು, ಮತ್ತೆ ಪರದೆ ನೋಡಿದರು. ಆಮೇಲೆ ಸಭೆಯೊಂದು ನೆನಪಾಗಿ ಎದ್ದುಹೋದರು.

ನಾನು ನನ್ನ ಪ್ರಯೋಗಾಲಯಕ್ಕೆ ಹಿಂದಿರುಗಿ, ವಿದ್ಯಾರ್ಥಿಗಳ ಜೊತೆ ಕೂತು, ನಿಮ್ಮ ವ್ಯವಸ್ಥೆಯ ಒಂದು ಚಿಕ್ಕ ನಕಲನ್ನು ಕಟ್ಟಿದೆ. ನಿಮ್ಮ ನಿಯಮಗಳೇನೂ ಗುಟ್ಟಲ್ಲ, ಬಹುಮಾನಕ್ಕಾಗಿ ನೀವು ಪ್ರಕಟಿಸಿದ ಹೊತ್ತಗೆಯಲ್ಲೇ ಅಚ್ಚಾಗಿವೆ, ಬಣ್ಣದ ಚಿತ್ರಗಳ ಸಮೇತ. ಒಳಗಿನ ಯಂತ್ರಗಳಿಗೆ ಸುಸ್ತಾದ ಕೂಡಲೇ ಹೊಸಬರನ್ನು ಮೋಡದ ಪುಟಕ್ಕೆ ತಿರುಗಿಸಬೇಕು ಎಂಬುದು ಮೊದಲ ನಿಯಮ. ಹೊಸ ಯಂತ್ರ ಎದ್ದು ಕೆಲಸಕ್ಕೆ ನಿಲ್ಲಲು ಒಂದಷ್ಟು ನಿಮಿಷ ಬೇಕು, ಅಲ್ಲಿಯವರೆಗೆ ಜನರನ್ನು ತಡೆಯಲೇಬೇಕು, ಅದರಲ್ಲಿ ತಪ್ಪಿಲ್ಲ. ಒಳಗಿನ ಯಂತ್ರಗಳು ಬಿಡುವಾಗಿ ಕಂಡರೆ ಕೆಲವನ್ನು ಮಲಗಿಸಬೇಕು ಎಂಬುದು ಎರಡನೆಯ ನಿಯಮ, ಅದರಲ್ಲೂ ತಪ್ಪಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ಮಾತ್ರ ನಿಮ್ಮಲ್ಲಿ ಯಾರೂ ಮಾಡಿಲ್ಲ. ಬಾಗಿಲಲ್ಲಿ ಜನರನ್ನು ತಡೆದರೆ ಒಳಗೆ ಬಿಡುವಾಗುತ್ತದೆ. ಬಿಡುವಾಯಿತೆಂದು ಯಂತ್ರಗಳು ಮಲಗುತ್ತವೆ. ಮಲಗಿದ ಮೇಲೆ ಉಳಿದ ನಾಲ್ಕಕ್ಕೆ ಬೇಗ ಸುಸ್ತಾಗುತ್ತದೆ. ಸುಸ್ತಾದ ಕೂಡಲೇ ಬಾಗಿಲಲ್ಲಿ ಇನ್ನಷ್ಟು ಜನರನ್ನು ತಡೆಯಲಾಗುತ್ತದೆ. ನಮ್ಮ ನಕಲಿನಲ್ಲೂ ಹಾಗೇ ಆಯಿತು. ನನ್ನ ವಿದ್ಯಾರ್ಥಿನಿಯೊಬ್ಬಳು ಜನಸಂದಣಿಯನ್ನು ಹೆಚ್ಚಿಸುತ್ತ ಹೋದ ಹಾಗೆ ಯಂತ್ರಗಳು ಒಂದೊಂದಾಗಿ ನಿದ್ದೆ ಹೋದವು. ಕೊನೆಗೆ ಅವಳು, ಮೇಡಂ, ಇದಕ್ಕೆ ಜನ ಬಂದಷ್ಟೂ ನಿದ್ದೆ ಬರುತ್ತದೆ ಎಂದಳು. ಕೋಣೆಯಲ್ಲಿ ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

ಈಗ ನೀವು ಇದು ಯಂತ್ರದ ತಪ್ಪು ಎನ್ನುತ್ತೀರಿ. ಅಲ್ಲ. ಯಂತ್ರ ನೀವು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ, ನಿಮ್ಮ ಇಲಾಖೆಯಲ್ಲಿ ಆ ದಿನ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದು ಅದೊಂದೇ. ಒಳಗಿದ್ದವರನ್ನು ಮಾತ್ರ ಎಣಿಸು ಎಂದವರು ಮನುಷ್ಯರು. ಕ್ಷಮಿಸಿ ಎಂಬುದನ್ನು ಸೇವೆಯ ಲೆಕ್ಕಕ್ಕೆ ಸೇರಿಸಿದವರು ಮನುಷ್ಯರು. ಮತ್ತು ಆ 'ಸ್ವಇಚ್ಛೆಯಿಂದ' ಎಂಬ ಮಾತು! ಅದನ್ನು ಯಾವ ಯಂತ್ರ ಬರೆದೀತು? ಯಂತ್ರಕ್ಕೆ ಇಚ್ಛೆ ಎಂದರೇನೆಂದು ಗೊತ್ತೇ? ಯಾರೋ ಒಬ್ಬರು ಮೇಜಿನ ಮುಂದೆ ಕೂತು, ಕಾಫಿ ಕುಡಿಯುತ್ತ, 'ಗಡುವಿನೊಳಗೆ ಬರಲಿಲ್ಲ' ಎಂದು ಬರೆದರೆ ಪ್ರಶ್ನೆಗಳು ಹುಟ್ಟುತ್ತವೆ, 'ಸ್ವಇಚ್ಛೆಯಿಂದ' ಎಂದು ಬರೆದರೆ ಯಾರೂ ಕೇಳುವುದಿಲ್ಲ ಎಂದು ಯೋಚಿಸಿ ಬರೆದಿದ್ದಾರೆ. ಹುಡುಗಿಯ ಸೀಟು ಹೋದದ್ದಕ್ಕಿಂತ ಆ ಒಂದು ಮಾತಿಗೆ ನನ್ನ ರಕ್ತ ಕುದಿಯುತ್ತದೆ. ನೀವು ಅವಳಿಂದ ಸೀಟು ಕಿತ್ತುಕೊಂಡಿರಿ, ಸರಿ. ಅವಳಿಗೆ ಅದು ಬೇಕಿತ್ತು ಎಂಬುದನ್ನೂ ಯಾಕೆ ಕಿತ್ತುಕೊಂಡಿರಿ?

ಕಥೆ ಇಲ್ಲಿಗೇ ನಿಂತಿದ್ದರೆ ಒಬ್ಬ ಹುಡುಗಿಯ ದುರದೃಷ್ಟ ಎಂದುಕೊಂಡು ನಾನೂ ಬಿಟ್ಟುಬಿಡುತ್ತಿದ್ದೆನೇನೋ. ಅವಳ ಸೀಟು ಬೇರೆ ಯಾರಿಗಾದರೂ ಸಿಕ್ಕಿದ್ದರೆ, ಆ ಯಾರೋ ಇವತ್ತು ಕಾಲು ಮಾಡುವುದನ್ನು ಕಲಿಯುತ್ತಿದ್ದರೆ, ಸಂಕಟಪಟ್ಟಾದರೂ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಕಳೆದ ವಾರ ಸೂಜಿ ನನ್ನನ್ನು ಆ ತರಬೇತಿ ಸಂಸ್ಥೆಗೆ ಕರೆದುಕೊಂಡು ಹೋದಳು. ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಗೂಟಗಳಿಗೆ ನೇತುಹಾಕಿದ ಪಾದಗಳು, ಮಗುವಿನ ಅಳತೆಯಿಂದ ಹಿಡಿದು ದೊಡ್ಡವರ ಅಳತೆಯವರೆಗೆ. ನೆಲದ ಮೇಲೆಲ್ಲ ಪ್ಲಾಸ್ಟರಿನ ಬಿಳಿ ಪುಡಿ. ಹನ್ನೆರಡು ಕೆಲಸದ ಮೇಜುಗಳು, ಪ್ರತಿಯೊಂದರ ಅಂಚಿಗೂ ಕಾಲನ್ನು ಅಲುಗದಂತೆ ಬಿಗಿಹಿಡಿಯುವ ಕಬ್ಬಿಣದ ಇಕ್ಕಳ. ಏಳು ಮೇಜುಗಳಲ್ಲಿ ಮಕ್ಕಳು ಅರ ಹಿಡಿದು ಉಜ್ಜುತ್ತಿದ್ದರು. ಐದು ಮೇಜುಗಳ ಮೇಲೆ ಪುಡಿ ಕೂಡ ಬಿದ್ದಿರಲಿಲ್ಲ.

ಕಲಿಸುವ ಮೇಷ್ಟ್ರು ಎಲ್ಲವನ್ನೂ ಹೇಳಿದರು. ಸೂಜಿ 'ನಿರಾಕರಿಸಿದ' ಸೀಟು ಎರಡನೆಯ ಸುತ್ತಿನಲ್ಲಿ ಸರದಿಯ ಮುಂದಿನವರಿಗೆ ಹೋಯಿತು. ಅವರೂ ನಿಮ್ಮ ಅದೇ ಬಾಗಿಲಿಗೆ, ಇನ್ನೊಂದು ದಿನ ಅಂಥದೇ ನಾಲ್ಕು ಗಂಟೆಯೊಳಗೆ ಬರಬೇಕಿತ್ತು. ಅವರಿಗೂ ಮೋಡ ನಕ್ಕಿತು, ಅವರೂ ಸ್ವಇಚ್ಛೆಯಿಂದ ನಿರಾಕರಿಸಿದರು. ಮೂರನೆಯ ಸುತ್ತು ಇಲ್ಲ. ಇದರ ಮೇಲೆ ತರಬೇತಿ ಮಂಡಳಿಗೆ ನಿಮ್ಮ ಇಲಾಖೆಯಿಂದ ಒಂದು ವರದಿ ಹೋಗಿದೆ. ಈ ಕೋರ್ಸಿಗೆ ಬೇಡಿಕೆ ಕುಸಿದಿದೆ, ಸೀಟು ಪಡೆದವರೇ ಬೇಡವೆನ್ನುತ್ತಿದ್ದಾರೆ ಎಂದು. ಮಂಡಳಿ ತಲೆಯಾಡಿಸಿದೆ. ಬರುವ ವರ್ಷದಿಂದ ಹನ್ನೆರಡು ಸೀಟಲ್ಲ, ಆರು.

ನೋಡಿದಿರಾ? ಯಂತ್ರಗಳು ಆ ಮಧ್ಯಾಹ್ನ ಮಾಡಿದ್ದನ್ನೇ ನೀವು ಮನುಷ್ಯರು ಈಗ ಇಡೀ ಕೋರ್ಸಿಗೆ ಮಾಡುತ್ತಿದ್ದೀರಿ. ಬಾಗಿಲು ಹಾಕಿ, ಯಾರೂ ಬರಲಿಲ್ಲ ಎಂದು ಕೋಣೆಯನ್ನೇ ಚಿಕ್ಕದು ಮಾಡುತ್ತೀರಿ. ಚಿಕ್ಕ ಕೋಣೆಗೆ ಇನ್ನೂ ಕಡಿಮೆ ಜನ ಬಂದಾಗ ಬೀಗವನ್ನೇ ಜಡಿಯುತ್ತೀರಿ. ಆಗ ಲಿಫ್ಟಿನವರ ಕಾಲು ಸರಿಮಾಡುವವರು ಯಾರು? ಕಾಲು ಸರಿಯಿಲ್ಲದವರು ದೂರು ಕೊಡುತ್ತಿಲ್ಲವಲ್ಲ, ಅವರೂ ಸಂತೃಪ್ತರು ಎಂದು ಇನ್ನೊಂದು ಹಸಿರು ಗೆರೆ ಎಳೆಯುತ್ತೀರೇನು?

ಆದ್ದರಿಂದ ನನ್ನ ಬೇಡಿಕೆ. ಇದನ್ನಾದರೂ ಬೇಡಿಕೆ ಎಂದು ಎಣಿಸಿ. ಸೂಜಿಯ ಹೆಸರಿನ ಮುಂದಿರುವ 'ಸ್ವಇಚ್ಛೆಯಿಂದ ನಿರಾಕರಿಸಿದ್ದಾಳೆ' ಎಂಬುದನ್ನು ಅಳಿಸಿ, 'ನಾವು ಒಳಗೆ ಬಿಡಲಿಲ್ಲ' ಎಂದು ಬರೆಯಿರಿ, ನಿಮ್ಮ ಸಹಿಯೊಂದಿಗೆ. ಆ ಐದು ಮೇಜುಗಳು ಇನ್ನೂ ಖಾಲಿ ಇವೆ, ಪಾಠ ಇನ್ನೂ ಮೊದಲ ಅಧ್ಯಾಯದಲ್ಲೇ ಇದೆ ಎಂದು ಮೇಷ್ಟ್ರು ಹೇಳುತ್ತಾರೆ. ಬೇಕೆಂದು ಬಾಗಿಲು ಬಡಿದವರನ್ನು ಕರೆದು ಆ ಮೇಜುಗಳ ಮುಂದೆ ಕೂರಿಸುವ ಆದೇಶ ಈ ವಾರವೇ ಹೊರಡಲಿ. ಕುಸಿದ ಬೇಡಿಕೆಯ ಆ ವರದಿಯನ್ನು ವಾಪಸು ಪಡೆಯಿರಿ. ಮತ್ತು ಇನ್ನು ಮುಂದೆ ನಿಮ್ಮ ಗೋಡೆಯ ಪರದೆಯ ಮೇಲೆ, ಎಷ್ಟು ಜನಕ್ಕೆ ಸೇವೆ ಸಿಕ್ಕಿತು ಎಂಬುದರ ಪಕ್ಕದಲ್ಲೇ, ಎಷ್ಟು ಜನರನ್ನು ಹಿಂದಕ್ಕೆ ಕಳಿಸಿದಿರಿ ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಬಣ್ಣ ನಿಮ್ಮಿಷ್ಟ. ಲೆಕ್ಕ ಹೇಗೆ ಇಡುವುದೆಂದು ತಿಳಿಯದಿದ್ದರೆ ನಾನು ಬಂದು ಹೇಳಿಕೊಡುತ್ತೇನೆ, ನನ್ನ ವಿದ್ಯಾರ್ಥಿಗಳೂ ಬರುತ್ತಾರೆ.

ಇದಕ್ಕೆ ಉತ್ತರಿಸಲು ನಿಮಗೂ ನಾಲ್ಕು ಗಂಟೆ ಕೊಡಬೇಕಿತ್ತು. ಒಂದು ವಾರ ಕೊಡುತ್ತಿದ್ದೇನೆ. ಅಷ್ಟರೊಳಗೆ ಉತ್ತರ ಬರದಿದ್ದರೆ, ನಿಮ್ಮದೇ ನಿಯಮದಂತೆ, ನೀವು ನಿಮ್ಮ ಕುರ್ಚಿಯನ್ನು ಸ್ವಇಚ್ಛೆಯಿಂದ ನಿರಾಕರಿಸಿದ್ದೀರಿ ಎಂದು ದಾಖಲಿಸಿಕೊಳ್ಳುತ್ತೇನೆ. ಇತರರಿಗೆ ಅವಕಾಶ ಮಾಡಿಕೊಟ್ಟಿದ್ದಕ್ಕೆ ಮುಂಗಡವಾಗಿ ಧನ್ಯವಾದಗಳು.

ಕೊನೆಯದಾಗಿ ಒಂದು ವಿಷಯ. ಸೂಜಿ ಈಗ ಪ್ರತಿದಿನ ಬೆಳಿಗ್ಗೆ ಆ ಸಂಸ್ಥೆಗೆ ಹೋಗಿ ಬಾಗಿಲ ಹೊಸ್ತಿಲಾಚೆ ನಿಲ್ಲುತ್ತಾಳೆ. ಮಧ್ಯಾಹ್ನ ಅಂಗಡಿಗೆ ಬಂದು ಅಮ್ಮನ ಜೊತೆ ಹೊಲಿಯುತ್ತಾಳೆ. ಆದೇಶವಿಲ್ಲದೆ ಅವಳನ್ನು ಒಳಗೆ ಬಿಡಲು ತಮ್ಮ ಕೈಯಲ್ಲಿ ಆಗುವುದಿಲ್ಲ ಎಂದು ಮೇಷ್ಟ್ರು ನನಗೆ ಹೇಳಿದರು. ಆಮೇಲೆ, "ಆದ್ರೆ ಬಾಗಿಲು ಹಾಕಲೇಬೇಕು ಅಂತ ಆದೇಶ ಏನೂ ಇಲ್ಲ" ಎಂದರು. ಹಾಗಾಗಿ ಬಾಗಿಲು ತೆರೆದಿರುತ್ತದೆ, ಅವಳು ಹೊರಗಿನಿಂದಲೇ ನೋಡುತ್ತಾಳೆ. ಎಷ್ಟು ದಿನ ಹೀಗೆ ನಿಲ್ಲುತ್ತೀಯೇ, ಕಾಲು ನೋಯುವುದಿಲ್ಲವೇ, ಮನೆಗೆ ಬಾ ಎಂದು ನಾನು ಕರೆದೆ. ಅವಳು ಕದಲಲಿಲ್ಲ.

"ನಾನು ಹೊರಟುಹೋದ್ರೆ ಇಲ್ಲೂ ಬೇಡಿಕೆ ಕಮ್ಮಿಯಾಯ್ತು ಅಂತ ಬರ್ಕೊಳ್ತಾರೆ, ದೊಡ್ಡಮ್ಮ" ಎಂದಳು.

ನಾಳೆಯೂ ನಿಂತಿರುತ್ತಾಳೆ. ನಿಮ್ಮ ಯಂತ್ರಗಳಿಗೆ ಬಾಗಿಲಾಚೆಯವರು ಕಾಣದಿದ್ದರೆ ನೀವೇ ಒಮ್ಮೆ ಬನ್ನಿ. ಒಬ್ಬಳೇ ಇದ್ದಾಳೆ, ಎಣಿಸುವುದು ಕಷ್ಟವಲ್ಲ.

ಇಂತಿ,
ನಿಮ್ಮ ಅತ್ಯುತ್ತಮ ಸೇವೆಯನ್ನು ಒಂದೇ ದಿನ ನೂರಾರು ಸಲ ಪಡೆದ ಕುಟುಂಬದ,
ಎಲಾಸ್ಟಿಕ್ ದೊಡ್ಡಮ್ಮ